ನಕ್ಷೆಯಲ್ಲಿ ಕಿತ್ತಳೆ ಬಣ್ಣ, ಹೊರಗೆ ಬಿಸಿಲು: ಅಮೆರಿಕದ ವಸಂತದ ಬಿರುಗಾಳಿ ಮುನ್ಸೂಚನೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾವು ಹೋದ ವರ್ಷ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಮನೆ ಮಾಡಿದೆವು. ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ದೇಶದ ಮುನ್ಸೂಚನೆ ನಕ್ಷೆಯಲ್ಲಿ ನಮ್ಮ ಭಾಗ ಹಳದಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಕಿತ್ತಳೆ ಆಯಿತು. ಸುಂಟರಗಾಳಿಗೆ ಶೇ. 10 ಅಂತ ಹಾಕಿದ್ದರು. ನಾನು ಹೆದರಿ ಕೂತೆ. ನಮ್ಮ ಯಜಮಾನರು "ಹತ್ತು ಅಂದ್ರೆ ತೊಂಬತ್ತು ಪಾಲು ಏನೂ ಆಗಲ್ಲ ಅಂತ ತಾನೆ?" ಅಂದರು. ಸಂಜೆ ನಾಲ್ಕು ಹನಿ ಮಳೆಯೂ ಬೀಳಲಿಲ್ಲ. ಈ ನಕ್ಷೆಯನ್ನು ನಂಬಬೇಕಾ? ನೋಡಿ ಏನು ಮಾಡಬೇಕು? ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಹಗಲೆಲ್ಲ ಅವರಿಬ್ಬರೇ ಮನೆಯಲ್ಲಿರುತ್ತಾರೆ.

ಉತ್ತರ: ನಂಬಬೇಕು. ಆದರೆ ಆ ನಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅಂತ ಮೊದಲು ಗೊತ್ತಿರಬೇಕು. "ನಮ್ಮ ಮನೆಗೆ ಸುಂಟರಗಾಳಿ ಬರುತ್ತಾ?" ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಬೆಳಿಗ್ಗೆಯೇ ಅದನ್ನು ಹೇಳಬಲ್ಲವರು ಜಗತ್ತಿನಲ್ಲಿ ಯಾರೂ ಇಲ್ಲ. "ಇವತ್ತು ಸಂಜೆ ನಾವು ಎಲ್ಲಿರಬೇಕು, ದೂರದ ಪ್ರಯಾಣವನ್ನು ನಾಳೆಗೆ ಹಾಕಬಹುದಾ, ಅಪ್ಪ ಅಮ್ಮನ ಜೊತೆ ಯಾರಾದರೂ ಇರಬೇಕಾ?" ಇಂಥ ಪ್ರಶ್ನೆಗಳಿಗೆ ಮಾತ್ರ ಅದು ತುಂಬಾ ಒಳ್ಳೆಯ ಉತ್ತರ ಕೊಡುತ್ತದೆ. ಹಾಗಾಗಿ ಹೆದರಿ ಕೂರುವುದೂ ಬೇಡ, ತೊಂಬತ್ತರ ಲೆಕ್ಕ ಹಿಡಿದು ಸುಮ್ಮನಿರುವುದೂ ಬೇಡ.

ನೀವು ನೋಡಿದ ನಕ್ಷೆಯನ್ನು ಬರೆಯುವುದು ಒಕ್ಲಹೋಮಾದ ನಾರ್ಮನ್ ಊರಿನಲ್ಲಿರುವ ಸ್ಟಾರ್ಮ್ ಪ್ರೆಡಿಕ್ಷನ್ ಸೆಂಟರ್. ಅದು ನ್ಯಾಷನಲ್ ವೆದರ್ ಸರ್ವಿಸ್‌ನ ಒಂದು ಭಾಗ. ಅಮೆರಿಕದ ಮುಖ್ಯ ಭೂಭಾಗಕ್ಕೆಲ್ಲ ಒಂದೇ ಕಡೆ ಕೂತು ಮುನ್ಸೂಚನೆ ಬರೆಯುತ್ತಾರೆ. ಆ ದಿನದ ನಕ್ಷೆ ಒಂದೇ ಸಲ ಬಂದು ಮುಗಿಯುವುದಿಲ್ಲ. ಐದು ಸಲ ಬರುತ್ತದೆ. ವಸಂತದಲ್ಲಿ ನಿಮ್ಮ ಗಡಿಯಾರದ ಪ್ರಕಾರ ರಾತ್ರಿ 1 ಗಂಟೆ, ಬೆಳಿಗ್ಗೆ 8, ಮಧ್ಯಾಹ್ನಕ್ಕೆ ಮುಂಚೆ 11.30, ಮಧ್ಯಾಹ್ನ 3 ಮತ್ತು ರಾತ್ರಿ 8. ಮರುದಿನ ಬೆಳಿಗ್ಗೆ 7ರವರೆಗಿನ ಅಪಾಯವನ್ನು ಅದು ಹೇಳುತ್ತದೆ. ನಾಳೆ ಮತ್ತು ನಾಡಿದ್ದಿನ ನಕ್ಷೆಗಳು ಬೇರೆ ಇವೆ. ನಾಲ್ಕರಿಂದ ಎಂಟನೇ ದಿನದವರೆಗೂ ಒಂದು ನಕ್ಷೆ ಇದೆ, ಆದರೆ ಅದು ದಪ್ಪ ಗೆರೆಯ ಅಂದಾಜು ಅಷ್ಟೇ.

ಬಣ್ಣಗಳು ಐದು ಮೆಟ್ಟಿಲು. ಕಡು ಹಸಿರು ಮಾರ್ಜಿನಲ್, ಹಳದಿ ಸ್ಲೈಟ್, ಕಿತ್ತಳೆ ಎನ್‌ಹ್ಯಾನ್ಸ್ಡ್, ಕೆಂಪು ಮಾಡರೇಟ್, ಕಡುಗುಲಾಬಿ ಹೈ. ಮೊದಲನೆಯದೂ ಮೂರನೆಯದೂ 2014ರ ಅಕ್ಟೋಬರ್‌ನಲ್ಲಿ ಸೇರಿದವು. ಹೆಸರಿಗಿಂತ ಮೆಟ್ಟಿಲಿನ ಸಂಖ್ಯೆ ನೋಡುವುದು ಒಳ್ಳೆಯದು. ಮಾಡರೇಟ್ ಅಂದಾಗ ಮನಸ್ಸು ಹಗುರವಾಗಿ ತೆಗೆದುಕೊಳ್ಳುತ್ತದೆ, ಆದರೆ ಅದು ಐದರಲ್ಲಿ ನಾಲ್ಕನೆಯದು. ಇಡೀ ದೇಶದಲ್ಲಿ ಹೈ ಬರುವುದು ವರ್ಷಕ್ಕೆ ಬೆರಳೆಣಿಕೆಯ ದಿನ. ಕೆಲವು ವರ್ಷ ಒಂದು ದಿನವೂ ಬರುವುದಿಲ್ಲ.

ಈಗ ಆ ಶೇ. 10. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಕ್ಷೆಯ ಯಾವುದೇ ಒಂದು ಚುಕ್ಕಿಯಿಂದ ಸುತ್ತ 25 ಮೈಲಿ ಒಳಗೆ, ಅಂದರೆ ಸುಮಾರು 40 ಕಿಲೋಮೀಟರ್ ಒಳಗೆ, ಆ ಅವಧಿಯಲ್ಲಿ ಒಂದಾದರೂ ಸುಂಟರಗಾಳಿ ಏಳುವ ಸಾಧ್ಯತೆ ಶೇ. 10 ಅಂತ ಅದರ ಅರ್ಥ. ಆ ವೃತ್ತದ ವಿಸ್ತೀರ್ಣ ಸುಮಾರು 1,960 ಚದರ ಮೈಲಿ. ಸಣ್ಣದೊಂದು ಸುಂಟರಗಾಳಿ ಐದು ಮೈಲಿ ಓಡಿ ನೂರು ಗಜ ಅಗಲದ ದಾರಿ ಮಾಡಿತು ಅಂದುಕೊಳ್ಳಿ. ಅದು ಮುಟ್ಟಿದ ಜಾಗ 0.3 ಚದರ ಮೈಲಿಯೂ ಆಗುವುದಿಲ್ಲ. ಅಂದರೆ ವೃತ್ತದ ಒಳಗೆ ಅದು ಬಂದರೂ ನಿಮ್ಮ ಕಟ್ಟಡದ ಮೇಲೇ ಹಾಯುವ ಸಾಧ್ಯತೆ ಸುಮಾರು ಏಳು ಸಾವಿರಕ್ಕೆ ಒಂದು. ಕಿತ್ತಳೆ ಬಣ್ಣ ನೋಡಿದ ಕೂಡಲೇ ಮನೆ ಹಾರಿ ಹೋಗುತ್ತದೆ ಅಂತ ಅಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಸುಂಟರಗಾಳಿಗೆ ಹೆಸರಾದ ಬಯಲು ಸೀಮೆಯಲ್ಲೂ ವಸಂತದ ಒಂದು ಸಾಮಾನ್ಯ ದಿನ ಈ ಸಾಧ್ಯತೆ ಸುಮಾರು ಶೇ. 1. ಹಾಗಾಗಿ ಶೇ. 10 ಅಂದರೆ ಮಾಮೂಲಿಗಿಂತ ಹತ್ತು ಪಟ್ಟು ಜಾಸ್ತಿ. "ತೊಂಬತ್ತು ಪಾಲು ಏನೂ ಆಗಲ್ಲ" ಅನ್ನುವ ಲೆಕ್ಕದಲ್ಲಿ ಈ ಹತ್ತು ಪಟ್ಟು ಕಾಣುವುದೇ ಇಲ್ಲ. ಅದರ ಜೊತೆಗೆ ಆ ತೊಂಬತ್ತು ಸುಂಟರಗಾಳಿಗೆ ಮಾತ್ರ ಸೇರಿದ್ದು. ಆಲಿಕಲ್ಲು ಮತ್ತು ನೇರ ಗಾಳಿಗೆ (ಸುತ್ತದೆ ಒಂದೇ ದಿಕ್ಕಿಗೆ ಬೀಸುವ ಜೋರು ಗಾಳಿ) ಬೇರೆ ಬೇರೆ ನಕ್ಷೆ ಇವೆ, ಬೇರೆ ಶೇಕಡಾ ಇವೆ. ಮೂರರಲ್ಲಿ ಯಾವುದು ಮೇಲಿದೆಯೋ ಅದರ ಬಣ್ಣ ಮುಖ್ಯ ನಕ್ಷೆಗೆ ಬರುತ್ತದೆ. ಸಾಮಾನ್ಯವಾಗಿ ಸುಂಟರಗಾಳಿಗೆ ಶೇ. 10 ಇದ್ದರೆ ಸಾಕು, ಮೂರನೇ ಮೆಟ್ಟಿಲು. ಗಾಳಿಗಾದರೆ ಶೇ. 30 ಬೇಕು. ಒಂದೇ ಕಿತ್ತಳೆಯ ಹಿಂದೆ ಎರಡು ಬೇರೆ ದಿನಗಳು ಇರಬಹುದು ಅಲ್ವಾ? ಅದಕ್ಕೇ ಮುಖ್ಯ ನಕ್ಷೆ ನೋಡಿ ಬಿಡಬೇಡಿ. ಪಕ್ಕದ ಮೂರು ನಕ್ಷೆಗಳನ್ನೂ ತೆರೆದು ನೋಡಿ. ಅವುಗಳ ಮೇಲೆ ಗೆರೆ ಹೊಡೆದ ಭಾಗ ಕಂಡರೆ ಇನ್ನಷ್ಟು ಗಮನ ಕೊಡಿ. ಅಲ್ಲಿ ಬಂದರೆ ಜೋರಾದದ್ದೇ ಬರಬಹುದು ಅಂತ ಅದರ ಸೂಚನೆ.

ಎಷ್ಟು ಜೋರಾದರೆ ಇವರ ಲೆಕ್ಕಕ್ಕೆ ಬರುತ್ತದೆ ಅಂದರೆ, ಆಲಿಕಲ್ಲು ಕನಿಷ್ಠ ಒಂದು ಇಂಚು, ಗಾಳಿ ಕನಿಷ್ಠ ಗಂಟೆಗೆ 58 ಮೈಲಿ. ಡಲ್ಲಾಸ್ ಸುತ್ತಮುತ್ತ ಇರುವವರಿಗೆ ಸುಂಟರಗಾಳಿಗಿಂತ ಆಲಿಕಲ್ಲೇ ಹೆಚ್ಚು ಸಲ ಎದುರಾಗುವ ಅಪಾಯ. 1995ರ ಮೇ 5ರಂದು ಫೋರ್ಟ್ ವರ್ತ್‌ನಲ್ಲಿ ಮೇಫೆಸ್ಟ್ ಅನ್ನುವ ಉತ್ಸವ ನಡೆಯುತ್ತಿತ್ತು. ಬಯಲಿನಲ್ಲಿದ್ದ ಜನರ ಮೇಲೆ ದೊಡ್ಡ ದೊಡ್ಡ ಆಲಿಕಲ್ಲು ಬಿದ್ದು ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಅದೇ ರಾತ್ರಿ ಡಲ್ಲಾಸ್‌ನಲ್ಲಿ ದಿಢೀರ್ ಪ್ರವಾಹ ಬಂತು. ಆ ದಿನ ಸತ್ತವರಲ್ಲಿ ಹೆಚ್ಚಿನವರು ನೀರಿಗೆ ಸಿಕ್ಕವರು. ಸುಂಟರಗಾಳಿಯ ಮಾತೇ ಇಲ್ಲದೆ ಇಷ್ಟೆಲ್ಲ ಆಗುತ್ತದೆ.

ಬೆಳಿಗ್ಗೆ ಹಳದಿ ಇದ್ದದ್ದು ಮಧ್ಯಾಹ್ನ ಕಿತ್ತಳೆ ಯಾಕಾಯಿತು ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಅನುಮಾನದ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಮಾತು ಬದಲಾಯಿಸುವವರನ್ನು ನಂಬುವುದು ಕಷ್ಟ. ಇಲ್ಲಿ ಮಾತ್ರ ಬದಲಾಗುವುದೇ ಸರಿಯಾದ ಕೆಲಸ.

ಭಾರಿ ಬಿರುಗಾಳಿಗೆ ನಾಲ್ಕು ವಿಷಯ ಕೂಡಿ ಬರಬೇಕು. ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವದ ಗಾಳಿ. ಕೆಳಗೆ ಬಿಸಿ, ಮೇಲೆ ತಂಪು ಇರುವ ವಾತಾವರಣ. ಗಾಳಿಯನ್ನು ಮೇಲಕ್ಕೆ ತಳ್ಳುವ ಏನಾದರೊಂದು, ಉದಾಹರಣೆಗೆ ಪಶ್ಚಿಮ ಟೆಕ್ಸಾಸ್ ಕಡೆ ಒಣಗಾಳಿ ಮತ್ತು ತೇವದ ಗಾಳಿ ಸೇರುವ ಗಡಿ. ಅದನ್ನು ಡ್ರೈಲೈನ್ ಅನ್ನುತ್ತಾರೆ. ಕೊನೆಯದಾಗಿ, ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗಬೇಕು. ಮೋಡ ತಿರುಗಲು ಶುರುವಾಗುವುದು ಇದರಿಂದಲೇ. ಈ ನಾಲ್ಕೂ ಇರುತ್ತವೆ ಅಂತ ಎರಡು ಮೂರು ದಿನ ಮುಂಚೆ ಚೆನ್ನಾಗಿಯೇ ಹೇಳಬಹುದು. ನಾಲ್ಕೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸೇರುತ್ತವಾ ಅನ್ನುವುದು ಮಾತ್ರ ಕೊನೆಯ ಗಂಟೆಗಳಲ್ಲೇ ಗೊತ್ತಾಗುವುದು. ಬೆಳಿಗ್ಗೆ 7ಕ್ಕೆ ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯುತ್ತಾರೆ. ಅಪಾಯದ ದಿನಗಳಲ್ಲಿ ಮಧ್ಯಾಹ್ನ ಇನ್ನೊಮ್ಮೆ ಹಾರಿಸುವುದೂ ಉಂಟು. ಮೂರು ಕಿಲೋಮೀಟರ್ ಚೌಕಗಳಲ್ಲಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಗಂಟೆಗೊಮ್ಮೆ ಹೊಸದಾಗಿ ಓಡುತ್ತದೆ. ಇವನ್ನೆಲ್ಲ ನೋಡಿ ನಾರ್ಮನ್‌ನ ಮುನ್ಸೂಚಕರು ಗೆರೆಯನ್ನು ಸರಿಸುತ್ತಾರೆ.

1999ರ ಮೇ 3ರ ಕಥೆ ಇದಕ್ಕೆ ಅತ್ಯುತ್ತಮ ಉದಾಹರಣೆ. ಆ ದಿನ ಬೆಳಗಿನ ಜಾವದ ನಕ್ಷೆಯಲ್ಲಿ ಒಕ್ಲಹೋಮಾಗೆ ಇದ್ದದ್ದು ಸ್ಲೈಟ್ ಮಾತ್ರ. ಆಗ ಒಟ್ಟು ಮೆಟ್ಟಿಲು ಮೂರೇ. ಬೆಳಿಗ್ಗೆ ಕಳೆಯುವ ಹೊತ್ತಿಗೆ ನ್ಯೂ ಮೆಕ್ಸಿಕೋದ ಟುಕುಮ್‌ಕೇರಿಯಲ್ಲಿದ್ದ ಉಪಕರಣ, ಮೇಲಿನ ಗಾಳಿ ಮಾದರಿಗಳು ಹೇಳಿದ್ದಕ್ಕಿಂತ ಜೋರಾಗಿದೆ ಅಂತ ತೋರಿಸಿತು. 11 ಗಂಟೆ ಕಳೆದ ಮೇಲೆ ಮಾಡರೇಟ್ ಮಾಡಿದರು. ಮಧ್ಯಾಹ್ನ ನಾಲ್ಕಕ್ಕೆ ಸ್ವಲ್ಪ ಮುಂಚೆ ಹೈ ಮಾಡಿದರು. ಸಂಜೆ ಆರು ದಾಟಿದ ಮೇಲೆ ಬ್ರಿಡ್ಜ್ ಕ್ರೀಕ್ ಮತ್ತು ಮೂರ್ ಊರುಗಳನ್ನು ಹಾಯ್ದ ಸುಂಟರಗಾಳಿಗೆ 36 ಜನ ಬಲಿಯಾದರು. ಬೆಳಿಗ್ಗೆ ಒಮ್ಮೆ ನಕ್ಷೆ ನೋಡಿ "ಸ್ಲೈಟ್ ಅಷ್ಟೇ" ಅಂತ ದಿನದ ಕೆಲಸಕ್ಕೆ ಹೋದವರು ಇದನ್ನು ತಿಳಿಯುತ್ತಿರಲಿಲ್ಲ. ನೀವು ದಿನಕ್ಕೆ ಎರಡು ಸಲವಾದರೂ ನೋಡಿ. ಬೆಳಿಗ್ಗೆ ಎಂಟರ ನಕ್ಷೆ ಒಂದು, ಹನ್ನೊಂದೂವರೆಯದು ಇನ್ನೊಂದು. ನಕ್ಷೆಯ ಕೆಳಗಿರುವ ಬರಹವನ್ನೂ ಓದಿ. ಸ್ವಲ್ಪ ಗಡುಸು ಭಾಷೆ, ಆದರೆ "ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ, ನಮಗೆ ಎಲ್ಲಿ ಅನುಮಾನ ಇದೆ" ಅನ್ನುವುದೆಲ್ಲ ಅಲ್ಲೇ ಇರುತ್ತದೆ. ಬಣ್ಣಕ್ಕಿಂತ ಅದೇ ಹೆಚ್ಚು ಬೆಲೆಯದು ಅಂತ ನನ್ನ ಅಭಿಪ್ರಾಯ.

ಸರಿ, ನಿಮ್ಮ ಆ ದಿನ ಏನೂ ಆಗಲಿಲ್ಲ. ಟೆಕ್ಸಾಸ್‌ನಲ್ಲಿ ಇಂಥ ದಿನಗಳಿಗೆ ಬಹಳ ಸಲ ಒಂದೇ ಕಾರಣ. ಮೆಕ್ಸಿಕೋದ ಎತ್ತರದ ನಾಡಿನಿಂದ ಬಿಸಿಯಾದ ಒಣಗಾಳಿ ತೇಲಿ ಬಂದು ಒಂದು ಒಂದೂವರೆ ಕಿಲೋಮೀಟರ್ ಮೇಲೆ ಪದರವಾಗಿ ನಿಲ್ಲುತ್ತದೆ. ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದಂತೆ, ಕೆಳಗಿನ ತೇವದ ಗಾಳಿ ಮೇಲೇಳದ ಹಾಗೆ ಅದು ತಡೆಯುತ್ತದೆ. ಇದನ್ನು ಕ್ಯಾಪ್ ಅನ್ನುತ್ತಾರೆ. ಅದು ಸಂಜೆಯವರೆಗೂ ಮುರಿಯದಿದ್ದರೆ ಬರೀ ಬಿಸಿಲು, ಸೆಕೆ. ಐದು ಗಂಟೆಗೆ ಒಂದು ಕಡೆ ಮುರಿದರೆ ಅಲ್ಲಿಯವರೆಗೆ ಕೂಡಿಟ್ಟ ಶಕ್ತಿಯೆಲ್ಲ ಒಂದೇ ಮೋಡಕ್ಕೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಅದು ಆಲಿಕಲ್ಲು ಸುರಿಸಬಹುದು. ಆಕಾಶ ತಿಳಿಯಾಗಿದೆ ಅನ್ನುವುದು ಇಲ್ಲಿ ಸಮಾಧಾನದ ಗುರುತಲ್ಲ. ನಿಮ್ಮ ಊರಿನಲ್ಲಿ ಏನೂ ಆಗದ ಸಂಜೆ ಎಪ್ಪತ್ತು ಮೈಲಿ ಆಚೆ ಯಾರದೋ ಮನೆ ಮಾಡು ಹೋಗಿರಬಹುದು. ಕಿತ್ತಳೆ ಬಣ್ಣ ಇಬ್ಬರಿಗೂ ಸೇರಿ ಹಾಕಿದ್ದು.

ಮುನ್ಸೂಚನೆ ನಿಜವಾಗಿ ಜಾಸ್ತಿಯಾದ ದಿನಗಳೂ ಇವೆ. 2019ರ ಮೇ 20ರಂದು ಒಕ್ಲಹೋಮಾ ಮತ್ತು ಟೆಕ್ಸಾಸ್‌ನ ಕೆಲವು ಭಾಗಕ್ಕೆ ಹೈ ಕೊಟ್ಟಿದ್ದರು. ಒಕ್ಲಹೋಮಾದಲ್ಲಿ ಎಷ್ಟೋ ಶಾಲೆಗಳು ಆ ದಿನ ಬಾಗಿಲು ತೆರೆಯಲಿಲ್ಲ. ಸುಂಟರಗಾಳಿಗಳು ಎದ್ದವು, ಪ್ರವಾಹವೂ ಆಯಿತು. ಆದರೆ ಹೆದರಿದ್ದ ಹಾಗೆ ದೂರದವರೆಗೆ ಓಡಿ ಊರುಗಳನ್ನು ಅಳಿಸುವಂಥವು ಬರಲಿಲ್ಲ. ಶಾಲೆ ಮುಚ್ಚಿದ್ದು ತಪ್ಪು ಅಂತ ನನಗನ್ನಿಸುವುದಿಲ್ಲ. 2013ರಲ್ಲಿ ಅದೇ ಮೇ 20ರಂದು ಮೂರ್ ಊರಿನ ಪ್ಲಾಜಾ ಟವರ್ಸ್ ಶಾಲೆಯಲ್ಲಿ ಏಳು ಮಕ್ಕಳು ತೀರಿಕೊಂಡಿದ್ದರು.

ಇನ್ನು ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ದೇಶದ ನಕ್ಷೆಯಿಂದ ನಿಮ್ಮ ಬೀದಿಯವರೆಗೆ ಎಚ್ಚರಿಕೆ ಹಂತ ಹಂತವಾಗಿ ಕಿರಿದಾಗುತ್ತಾ ಬರುತ್ತದೆ. ನೀವು ನೋಡಿದ ದೇಶದ ನಕ್ಷೆ, ಅಂದರೆ ಔಟ್‌ಲುಕ್, ಮೊದಲನೆಯದು. ಮೋಡ ಏಳುವ ಸೂಚನೆ ಕಂಡಾಗ ಅದೇ ಕೇಂದ್ರದಿಂದ ಒಂದು ಸಣ್ಣ ಟಿಪ್ಪಣಿ ಬರುತ್ತದೆ. ಆಮೇಲೆ ವಾಚ್. ಅದು ಹತ್ತಾರು ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಹಾಗೆ), ಕೆಲವು ಗಂಟೆಗಳಿಗೆ ಇರುತ್ತದೆ. ಕೊನೆಯದು ವಾರ್ನಿಂಗ್. ಇದನ್ನು ಕೊಡುವುದು ನಾರ್ಮನ್ ಅಲ್ಲ, ನಿಮ್ಮ ಫೋರ್ಟ್ ವರ್ತ್‌ನ ವೆದರ್ ಸರ್ವಿಸ್ ಕಚೇರಿ. ರೇಡಾರ್‌ನಲ್ಲಿ ಮೋಡ ತಿರುಗುವುದು ಕಂಡಾಗ ಅಥವಾ ಯಾರಾದರೂ ಕಣ್ಣಾರೆ ನೋಡಿದಾಗ, ಅಪಾಯದ ದಾರಿಯಲ್ಲಿರುವ ಸಣ್ಣ ಜಾಗಕ್ಕೆ ಮಾತ್ರ ಕೊಡುತ್ತಾರೆ. ಔಟ್‌ಲುಕ್ ಬಂದಾಗ ಯೋಜನೆ ಮಾಡಿ. ವಾಚ್ ಬಂದಾಗ ಮನೆಯಲ್ಲೇ ಇರಿ, ಶೂ ಹಾಕಿಕೊಳ್ಳಿ, ಫೋನ್ ಕೈಯಲ್ಲಿರಲಿ. ವಾರ್ನಿಂಗ್ ಬಂದಾಗ ಕಿಟಕಿಯ ಹತ್ತಿರ ಹೋಗಿ ನೋಡಬೇಡಿ, ಕೂಡಲೇ ಕೆಳಗಿಳಿಯಿರಿ. ಸಿಗುವ ಸಮಯ ಕೆಲವೊಮ್ಮೆ ಹತ್ತು ಹದಿನೈದು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಕಡಿಮೆ.

ನಿಮ್ಮ ಮನೆ ಮೂರನೇ ಮಹಡಿಯಲ್ಲಿರುವುದರಿಂದ ಕೆಳಗಿಳಿಯುವ ವಿಷಯ ದೊಡ್ಡದು. ಅತಿ ಕೆಳಗಿನ ಮಹಡಿ, ಕಟ್ಟಡದ ನಡುಭಾಗ, ಕಿಟಕಿ ಇಲ್ಲದ ಚಿಕ್ಕ ಕೋಣೆ: ಈ ಮೂರೂ ಇರುವ ಜಾಗ ಬೇಕು. ನೆಲಮಹಡಿಯ ಯಾರದಾದರೂ ಪರಿಚಯ ಮಾಡಿಕೊಂಡು "ಅಂಥ ಸಂಜೆ ನಿಮ್ಮ ಬಾತ್‌ರೂಮಿಗೆ ಬರಬಹುದಾ?" ಅಂತ ಈಗಲೇ ಕೇಳಿ. ಇದಕ್ಕೆ ಬೇಜಾರು ಮಾಡಿಕೊಳ್ಳುವವರು ಆ ಸೀಮೆಯಲ್ಲಿ ಕಡಿಮೆ. ಅಪಾರ್ಟ್‌ಮೆಂಟಿನ ಆಫೀಸಿನಲ್ಲೂ ವಿಚಾರಿಸಿ. ಲಿಫ್ಟ್ ಬಳಸಬೇಡಿ. ಸೈಕಲ್ ಹೆಲ್ಮೆಟ್ ಇದ್ದರೆ ಎಲ್ಲರಿಗೂ ಹಾಕಿ. ತಲೆಗೆ ಬೀಳುವ ಪೆಟ್ಟೇ ಹೆಚ್ಚು ಅಪಾಯದ್ದು.

ಕಾರು ಹತ್ತಿ ಓಡುವುದು ಬೇಡವೇ ಬೇಡ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೋ ಹತ್ತಿರ 2.6 ಮೈಲಿ ಅಗಲದ ಸುಂಟರಗಾಳಿ ಎದ್ದಿತು. ಅದಕ್ಕೆ ಬಲಿಯಾದ ಎಂಟೂ ಜನ ವಾಹನಗಳಲ್ಲಿದ್ದವರು. ಆ ಸಂಜೆ ಊರು ಬಿಟ್ಟು ಹೊರಟವರಿಂದ ಹೆದ್ದಾರಿಗಳು ಕಟ್ಟಿಕೊಂಡಿದ್ದವು. ನಿಮ್ಮ ಹತ್ತಿರದ್ದೇ ಬೇಕಾದರೆ, 2015ರ ಡಿಸೆಂಬರ್ 26ರ ರಾತ್ರಿ ಗಾರ್ಲೆಂಡ್‌ನಲ್ಲಿ ಸತ್ತವರಲ್ಲೂ ಹೆಚ್ಚಿನವರು ಹೆದ್ದಾರಿಯ ಮೇಲೆ ಕಾರಿನಲ್ಲಿದ್ದರು. ಸೇತುವೆ ಕೆಳಗೆ ನಿಲ್ಲುವುದೂ ರಕ್ಷಣೆ ಅಲ್ಲ, ಗಾಳಿ ಅಲ್ಲಿ ಇನ್ನೂ ಜೋರಾಗಿ ನುಗ್ಗಬಹುದು.

ಎಲ್ ರೀನೋ ರಾತ್ರಿಯ ಇನ್ನೊಂದು ಸಂಗತಿ ಹೇಳಲೇಬೇಕು. ಅದೇ ಮೋಡಗಳು ಒಕ್ಲಹೋಮಾ ಸಿಟಿಯ ಮೇಲೆ ಸುರಿಸಿದ ಮಳೆಗೆ ಸುಂಟರಗಾಳಿಗಿಂತ ಹೆಚ್ಚು ಜನ ಸತ್ತರು. ಗಾಳಿಗೆ ಹೆದರಿ ಚರಂಡಿ ಕೊಳವೆಗಳಲ್ಲಿ ಅಡಗಿದವರನ್ನು ನೀರು ಕೊಚ್ಚಿಕೊಂಡು ಹೋಯಿತು. ಮಳೆಯ ಅಪಾಯಕ್ಕೆ ಬೇರೆ ನಕ್ಷೆ ಇದೆ. ಅದನ್ನು ಬರೆಯುವುದು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ವೆದರ್ ಪ್ರೆಡಿಕ್ಷನ್ ಸೆಂಟರ್. ಅದರಲ್ಲಿ ಮೆಟ್ಟಿಲು ನಾಲ್ಕೇ, ಎನ್‌ಹ್ಯಾನ್ಸ್ಡ್ ಇಲ್ಲ. ಎರಡು ನಕ್ಷೆಯಲ್ಲೂ ನಿಮ್ಮ ಊರಿಗೆ ಬಣ್ಣ ಇದ್ದರೆ ಅದು ರಸ್ತೆಗೆ ಇಳಿಯುವ ಸಂಜೆಯಲ್ಲ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸುತ್ತದೆ.

ದೂರ ಪ್ರಯಾಣ ಮಾಡುವವರು ಇಡೀ ದೇಶದ ನಕ್ಷೆ ನೋಡುವುದು ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು. ವಸಂತದ ಒಂದೇ ವಾಯುಭಾರ ಕುಸಿತ ನಾಲ್ಕು ರಾಜ್ಯಗಳಲ್ಲಿ ನಾಲ್ಕು ರೂಪ ತಾಳುತ್ತದೆ. 2025ರ ಮಾರ್ಚ್ 14ರಂದು ಪಶ್ಚಿಮ ಕಾನ್ಸಾಸ್‌ನ ಇಂಟರ್‌ಸ್ಟೇಟ್ 70ರಲ್ಲಿ ಧೂಳು ಮುಸುಕಿ ವಾಹನಗಳು ಒಂದಕ್ಕೊಂದು ಗುದ್ದಿ ಎಂಟು ಜನ ಸತ್ತರು. ಅದೇ ದಿನ ಒಕ್ಲಹೋಮಾದಲ್ಲಿ ಕಾಳ್ಗಿಚ್ಚು ಮನೆಗಳನ್ನು ಸುಟ್ಟಿತು, ಮಿಸೌರಿಯಲ್ಲಿ ಸುಂಟರಗಾಳಿಗಳು ಎದ್ದವು. ಮರುದಿನ ಮಿಸಿಸಿಪ್ಪಿ ಮತ್ತು ಅಲಬಾಮಾಗೆ ಹೈ ಕೊಟ್ಟರು. ಡ್ರೈಲೈನಿನ ಪೂರ್ವಕ್ಕೆ ಸಿಡಿಲು ಆಲಿಕಲ್ಲು, ಪಶ್ಚಿಮಕ್ಕೆ ಧೂಳು ಬೆಂಕಿ. ಬೆಂಕಿಗೂ ನಾರ್ಮನ್‌ನ ಕೇಂದ್ರದಿಂದಲೇ ಪ್ರತ್ಯೇಕ ನಕ್ಷೆ ಬರುತ್ತದೆ.

ನಿಮ್ಮ ಅಪ್ಪ ಅಮ್ಮನ ಬಗ್ಗೆ ನನಗೆ ಹೆಚ್ಚು ಕಾಳಜಿ. ಸುಂಟರಗಾಳಿ ವಾರ್ನಿಂಗ್ ಬಂದಾಗ ನಿಮ್ಮ ಫೋನ್ ತಾನೇ ಜೋರಾಗಿ ಕೂಗುತ್ತದೆ. ವಾಚ್‌ಗೆ ಕೂಗುವುದಿಲ್ಲ. ಗುಡುಗು ಮಳೆಯ ವಾರ್ನಿಂಗ್‌ಗೂ ಕೂಗುವುದು ಗಾಳಿ ಗಂಟೆಗೆ 80 ಮೈಲಿ ಅಥವಾ ಆಲಿಕಲ್ಲು 2.75 ಇಂಚು ಮುಟ್ಟುವ ಅಂದಾಜಿದ್ದರೆ ಮಾತ್ರ. ಊರಿನ ಸಿಮ್ ಇರುವ ಅವರ ಫೋನಿಗೂ ಅದು ಬಂದೇ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಸೈರನ್ ಇರುವುದು ಹೊರಗೆ ಓಡಾಡುವವರಿಗೆ, ಕಿಟಕಿ ಮುಚ್ಚಿ ಎಸಿ ಹಾಕಿಕೊಂಡವರಿಗೆ ಕೇಳದೇ ಇರಬಹುದು. ಎಚ್ಚರಿಕೆ ಬಂದಾಗ ತಾನೇ ಸದ್ದು ಮಾಡುವ ವೆದರ್ ರೇಡಿಯೋ ಒಂದು ಕೊಂಡು ನಿಮ್ಮ ಕೌಂಟಿಯ ಕೋಡ್ ಹಾಕಿ ಇಡಿ. ಅದರ ಶಬ್ದವನ್ನು ಅವರಿಗೆ ಒಮ್ಮೆ ಕೇಳಿಸಿ. ಇಂಗ್ಲಿಷ್ ಅರ್ಥವಾಗದಿದ್ದರೂ ಪರವಾಗಿಲ್ಲ, ಆ ಶಬ್ದ ಬಂದರೆ ಎಲ್ಲಿಗೆ ಇಳಿಯಬೇಕು, ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿದ್ದರೆ ಸಾಕು. ಬಿಸಿಲಿರುವ ಒಂದು ದಿನ ಅವರನ್ನು ಕರೆದುಕೊಂಡು ಮೆಟ್ಟಿಲಿಳಿದು ಬನ್ನಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಅಮ್ಮನಿಗೆ ಮಂಡಿನೋವಿದ್ದರೆ ವಾರ್ನಿಂಗ್‌ವರೆಗೆ ಕಾಯಬೇಡಿ. ವಾಚ್ ಬಂದಾಗಲೇ ಅವರು ಕೆಳಗಿನ ಮನೆಯಲ್ಲಿರಲಿ. ನಕ್ಷೆಯಲ್ಲಿ ಕಿತ್ತಳೆ ಅಥವಾ ಅದಕ್ಕಿಂತ ಮೇಲಿನ ಬಣ್ಣ ಇರುವ ದಿನ, ಮಧ್ಯಾಹ್ನ ಮೂರರ ನಂತರ ನಿಮ್ಮಿಬ್ಬರಲ್ಲಿ ಒಬ್ಬರು ಮನೆಯಿಂದಲೇ ಕೆಲಸ ಮಾಡುವುದಾಗಿ ಆಫೀಸಿನಲ್ಲಿ ಮೊದಲೇ ಹೇಳಿಡಿ. ರಾತ್ರಿ 8ರ ನಕ್ಷೆಯಲ್ಲಿ ಇನ್ನೂ ಬಣ್ಣ ಉಳಿದಿದ್ದರೆ ಫೋನನ್ನು ಸೈಲೆಂಟ್ ಮಾಡದೆ, ರೇಡಿಯೋವನ್ನು ಅವರು ಮಲಗುವ ಕೋಣೆಯಲ್ಲೇ ಇಟ್ಟು ಮಲಗಿ.